ಬೀಗ ಕೆಟ್ಟಿಲ್ಲ, ಆಜ್ಞೆ ತಪ್ಪಿದೆ

ಇಳಕಲ್ಲಿನ ನೇಕಾರರ ಮನೆಯ ಹುಡುಗನೊಬ್ಬ ಹುನಗುಂದದ ಮೇಲೆ ಬಸ್ಸು ಹಿಡಿದು ಬಾಗಲಕೋಟೆಗೆ ಬಂದು ಎಂಜಿನಿಯರಿಂಗ್ ಓದುತ್ತಿದ್ದಾನೆ ಎಂದುಕೊಳ್ಳಿ. ನಾಳೆ ಬೆಳಿಗ್ಗೆ ಪ್ರಾಜೆಕ್ಟ್ ಒಪ್ಪಿಸಬೇಕು. ತನ್ನ ಫೈಲುಗಳನ್ನು ಗೆಳೆಯರು ಓದಲಿ, ಆದರೆ ತಿದ್ದದಿರಲಿ ಎಂದು ಲ್ಯಾಬಿನ ಲಿನಕ್ಸ್ ಕಂಪ್ಯೂಟರಿಗೆ ‘ಸಿಎಚ್‌ಮಾಡ್ -ಆರ್ 644 ಪ್ರಾಜೆಕ್ಟ್’ ಎಂದು ಆಜ್ಞೆ ಕೊಡುತ್ತಾನೆ. ಪರದೆಯ ಮೇಲೆ ‘ಪರ್ಮಿಷನ್ ಡಿನೈಡ್’ ಎಂಬ ಸಾಲುಗಳು! ತಾನೇ ಮಾಡಿದ ಡೈರೆಕ್ಟರಿಗೆ ತನಗೇ ಪ್ರವೇಶವಿಲ್ಲ. ‘ಎಲ್ಲಾ ಹೋತವ್ವಾ’ ಎಂದು ಮನೆಗೆ ಫೋನು ಮಾಡುತ್ತಾನೆ.

ನಿಜಕ್ಕೂ ಏನೂ ಹೋಗಿಲ್ಲ. ಆಜ್ಞೆಯೂ ಕೆಟ್ಟಿಲ್ಲ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಕೆಲಸ ಆರಂಭಿಸಿದರು. ಒಂದೇ ಯಂತ್ರವನ್ನು ಹಲವರು ಬಳಸುವಾಗ ಯಾರ ಫೈಲನ್ನು ಯಾರು ಮುಟ್ಟಬಹುದು ಎಂಬ ಕಟ್ಟಳೆ ಬೇಕಲ್ಲವೇ? 1991ರಲ್ಲಿ ಬಂದ ಲಿನಕ್ಸ್ ಕೂಡ ಅದೇ ಕಟ್ಟಳೆಯನ್ನು ಪಾಲಿಸುತ್ತದೆ. ಫೈಲಿನ ಒಡೆಯ, ಅವನ ಗುಂಪು, ಉಳಿದವರು ಎಂದು ಮೂರು ವರ್ಗ. ಓದಲು 4, ಬರೆಯಲು 2, ಫೈಲನ್ನು ಪ್ರೋಗ್ರಾಮಾಗಿ ನಡೆಸಲು 1. ಆದ್ದರಿಂದ 644 ಎಂದರೆ ಒಡೆಯನಿಗೆ ಓದು, ಬರಹ ಎರಡೂ. ಉಳಿದಿಬ್ಬರಿಗೆ ಓದು ಮಾತ್ರ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನವಿದೆ. ಹೋದವರು ನೋಡಬಹುದು, ಅದರ ಮೇಲೆ ಹೆಸರು ಕೆತ್ತುವಂತಿಲ್ಲ. ಅಂದರೆ 4 ಉಂಟು, 2 ಇಲ್ಲ. ಆದರೆ ಗುಹೆಯ ಮೆಟ್ಟಿಲನ್ನೇ ಹತ್ತಗೊಡದಿದ್ದರೆ ನೋಡುವ ಅನುಮತಿಯಿಂದ ಏನು ಫಲ? ಡೈರೆಕ್ಟರಿಯ ವಿಷಯದಲ್ಲಿ 1 ಎಂಬುದು ಒಳಹೋಗುವ ಈ ಅನುಮತಿ.

ಹುಡುಗ ತಪ್ಪಿದ್ದು ಇಲ್ಲಿಯೇ. ‘-ಆರ್’ ಎಂದರೆ ಒಳಗಿರುವುದಕ್ಕೆಲ್ಲ ಅನ್ವಯಿಸು ಎಂದರ್ಥ. ಕಂಪ್ಯೂಟರು ಮೊದಲು ಹೊರಗಿನ ಡೈರೆಕ್ಟರಿಗೇ 644 ಹಾಕಿತು. ಒಳಹೋಗುವ 1 ಮಾಯವಾಯಿತು. ಆಮೇಲೆ ಒಳಗೆ ಕಾಲಿಡಲು ಅದಕ್ಕೂ ಆಗಲಿಲ್ಲ. ಹಾಗಾಗಿ ಒಳಗಿನ ಫೈಲುಗಳು ಇದ್ದಂತೆಯೇ ಇವೆ. ‘ಸಿಎಚ್‌ಮಾಡ್ 755 ಪ್ರಾಜೆಕ್ಟ್’ ಎಂದರೆ ಸಾಕು, ಬಾಗಿಲು ತೆರೆಯುತ್ತದೆ. ನಂತರ ಫೈಲುಗಳಿಗೆ ಮಾತ್ರ 644 ಕೊಡಬೇಕು.

ಇಂಥ ವೇಳೆಯಲ್ಲಿ ‘777 ಹಾಕಿಬಿಡು’ ಎನ್ನುವ ಗೆಳೆಯರಿಗೆ ಬರವಿಲ್ಲ. ಅದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಡೈರೆಕ್ಟರಿಗೆ 777 ಇದ್ದರೆ ಅದೇ ಯಂತ್ರದ ಬೇರೆ ಬಳಕೆದಾರರೂ ಒಳಗಿನ ಫೈಲನ್ನು ಅಳಿಸಬಹುದು. ಆ ಫೈಲಿಗೆ 644 ಇದ್ದರೂ ಕಾಪಾಡದು.

ಇನ್ನೆರಡು ಮಾತು. ಬೇರೆಯವರ ಫೈಲಿನ ಅನುಮತಿಯನ್ನು ಸಾಮಾನ್ಯ ಬಳಕೆದಾರ ಬದಲಿಸಲಾರ. ಫ್ಯಾಟ್ ಮಾದರಿಯ ಪೆನ್‌ಡ್ರೈವಿನಲ್ಲಿ ಈ ಅನುಮತಿಗಳನ್ನು ಬರೆದಿಡುವ ಜಾಗವೇ ಇಲ್ಲ. ಅಲ್ಲಿ ಆಜ್ಞೆ ಕೆಲಸ ಮಾಡದಿದ್ದರೆ ಗಾಬರಿ ಬೇಡ.

ಆಜ್ಞೆ ಕೊಡುವ ಮೊದಲೂ ಆಮೇಲೂ ‘ಎಲ್‌ಎಸ್ -ಎಲ್’ ಎಂದು ಕೇಳಿ, ಯಾರಿಗೆ ಯಾವ ಅನುಮತಿ ಇದೆಯೆಂದು ನೋಡುವುದು ಒಳ್ಳೆಯ ರೂಢಿ. ಮಕ್ಕಳು ‘ಎಲ್ಲಾ ಹೋಯಿತು’ ಎಂದು ಕಂಗಾಲಾದಾಗ ತಂದೆತಾಯಂದಿರು ಹೇಳಬೇಕಾದದ್ದು ಇಷ್ಟೇ: ಏನನ್ನೂ ಅಳಿಸಬೇಡ, ಮೊದಲು ನೋಡು. ಮಗ್ಗದಲ್ಲಿ ಎಳೆ ಕಡಿದರೆ ಅವ್ವ ಸೀರೆಯನ್ನೇ ಕತ್ತರಿಸುವುದಿಲ್ಲ. ಕಡಿದ ಎಳೆ ಹುಡುಕಿ ಗಂಟು ಹಾಕುತ್ತಾಳೆ.