ಬಿಸಿಯ ಲೆಕ್ಕ

ಅಕ್ಕನ ಮಗಳು ದಿನಾ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬಂದು ಎಂ.ಕಾಂ. ಓದುತ್ತಾಳೆ. ಹೋದ ತಿಂಗಳು ಲ್ಯಾಪ್‌ಟಾಪ್ ಅಂಗಡಿಯ ಎರಡು ಚೀಟಿ ತಂದು ನನ್ನ ಮುಂದಿಟ್ಟಳು. ಒಂದರಲ್ಲಿ ಕೋರ್ ಐ7, ಬೇರೆಯದೇ ಗ್ರಾಫಿಕ್ಸ್ ಕಾರ್ಡು, 8 ಜಿಬಿ ರ‍್ಯಾಮ್. ಇನ್ನೊಂದರಲ್ಲಿ ಕೋರ್ ಐ5, ಗ್ರಾಫಿಕ್ಸ್ ಪ್ರೊಸೆಸರಿನ ಒಳಗೇ, 16 ಜಿಬಿ ರ‍್ಯಾಮ್. ಮೊದಲನೆಯದಕ್ಕೆ ದುಡ್ಡು ಜಾಸ್ತಿ. "ಮಾವ, ಒಂದೇ ಸಲ ದೊಡ್ಡದು ತಗೊಂಡ್ಬಿಟ್ರೆ ಏಳೆಂಟು ವರ್ಷ ಬರುತ್ತಲ್ವಾ?" ಅಂದಳು.

ಶಕ್ತಿ ಹೆಚ್ಚಿದಷ್ಟೂ ಆಯುಷ್ಯ ಹೆಚ್ಚು ಎಂಬ ನಂಬಿಕೆ ಆ ಮಾತಿನೊಳಗೆ ಕೂತಿದೆ. ಎತ್ತಿನ ವಿಷಯದಲ್ಲಿ ನಿಜವಿರಬಹುದು. ಪತ್ರ ಬರೆಯಲು, ಲೆಕ್ಕ ಹಾಕಲು, ಪಾಠದ ವಿಡಿಯೊ ನೋಡಲು ಕೊಳ್ಳುವ ಲ್ಯಾಪ್‌ಟಾಪಿನ ವಿಷಯದಲ್ಲಿ ಅದು ತಿರುವುಮುರುವು ಅಂತ ನನಗೆ ಅನ್ನಿಸಲು ಕಾರಣ ನನ್ನದೇ ಹಳೆಯ ಯಂತ್ರ.

ಅದೂ ಗ್ರಾಫಿಕ್ಸ್ ಕಾರ್ಡ್ ಇದ್ದದ್ದೇ. ನಾಲ್ಕನೇ ವರ್ಷಕ್ಕೆ ಹೇರ್ ಡ್ರೈಯರಿನ ಹಾಗೆ ಊದತೊಡಗಿತು. ರಾಬರ್ಟ್‌ಸನ್‌ಪೇಟೆಯ ರಿಪೇರಿ ಹುಡುಗ ಕೆಳಗಿನ ಮುಚ್ಚಳ ಬಿಚ್ಚಿದಾಗ ಫ್ಯಾನಿನ ಬಾಯಿಗೆ ಕಂಬಳಿ ಚೂರಿನಂಥ ಧೂಳು ಮೆತ್ತಿಕೊಂಡಿತ್ತು. ನಮ್ಮ ಕೆಜಿಎಫ್‌ನಲ್ಲಿ ಇದೇನೂ ಸೋಜಿಗವಲ್ಲ. ಗಾಳಿ ಎದ್ದ ದಿನ ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡಗಳ ನುಣ್ಣನೆ ಪುಡಿ ಮನೆಯೊಳಗಿನ ತಟ್ಟೆಯ ಮೇಲೂ ಬಂದು ಕೂರುತ್ತದೆ. ಬಿಸಿ ದಾಟಿಸಲೆಂದು ಪ್ರೊಸೆಸರಿನ ಮೇಲೆ ಬಳಿದಿದ್ದ ಪೇಸ್ಟು ಒಣಗಿ ಹಳೇ ಸುಣ್ಣದ ಹಾಗೆ ಉದುರಿತು. ಹುಡುಗ ಎಲ್ಲ ಒರೆಸಿ, ಹೊಸ ಪೇಸ್ಟ್ ಹಚ್ಚಿ, "ಫ್ಯಾನ್ ಸರಿ ಹೋಯ್ತು ಸಾರ್, ಗ್ರಾಫಿಕ್ಸ್ ಚಿಪ್ ಹೋಗಿದೆ" ಅಂದ. ಆ ಚಿಪ್ಪು ಬೋರ್ಡಿಗೇ ಬೆಸುಗೆ. ಅದೊಂದನ್ನೇ ತೆಗೆದು ಹೊಸದು ಹಾಕುವ ಹಾಗಿಲ್ಲ, ಬೋರ್ಡನ್ನೇ ಬದಲಿಸಬೇಕು. ನಾನು ನಾಲ್ಕು ವರ್ಷದಲ್ಲಿ ಅದರಿಂದ ಮಾಡಿಸಿದ ಅತಿ ದೊಡ್ಡ ಕೆಲಸ ತಂಗಿಯ ಮದುವೆ ಫೋಟೊಗಳ ಆಲ್ಬಂ.

ಬಿಸಿ ಎಂದರೇನು ಅಂತ ಈ ಊರಿಗೆ ಯಾರೂ ಪಾಠ ಹೇಳಬೇಕಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೊಮೀಟರಿಗೂ ಆಳ ಇಳಿದಿತ್ತು. ಇಳಿದಷ್ಟೂ ಬಂಡೆ ಕಾದಿರುತ್ತಿತ್ತು. ಮೇಲಿನಿಂದ ತಣ್ಣನೆ ಗಾಳಿ ದಬ್ಬದಿದ್ದರೆ ಕೆಳಗೆ ಕೆಲಸವೇ ಇಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೊಮೀಟರ್ ತಂತಿ ಎಳೆದು ಗಣಿಗೆಂದೇ ಈ ಊರಿಗೆ ಕರೆಂಟು ತಂದರು. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗಲೂ ಕೆಳಗೆ ಚಿನ್ನ ಪೂರ್ತಿ ಬರಿದಾಗಿರಲಿಲ್ಲ, ಅದನ್ನು ಮೇಲೆ ತರುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು.

ಪ್ರೊಸೆಸರಿನ ಕಥೆಯೂ ಹೆಚ್ಚುಕಡಿಮೆ ಹೀಗೇ. ಹೆಸರಿನ ಕೊನೆಯಲ್ಲಿ 'ಯು' ಅಂತಿದ್ದರೆ ಸಾಮಾನ್ಯವಾಗಿ 15 ವ್ಯಾಟ್ ಲೆಕ್ಕದ ಚಿಪ್ಪು, 'ಎಚ್' ಅಂತಿದ್ದರೆ 45 ವ್ಯಾಟ್. ಈ ಎಚ್ ಚಿಪ್ಪನ್ನು ತೆಳ್ಳಗಿನ ಡಬ್ಬಿಯೊಳಗೆ ತುರುಕಿದರೆ ಮೊದಲ ಕೆಲವು ನಿಮಿಷ ಓಡುತ್ತದೆ, ಆಮೇಲೆ ಕಾದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ದುಡ್ಡು ಕೊಟ್ಟದ್ದು ಓಟಕ್ಕೆ, ಸಿಕ್ಕಿದ್ದು ಏದುಸಿರು. ಪಕ್ಕದಲ್ಲಿ ಗ್ರಾಫಿಕ್ಸ್ ಕಾರ್ಡೂ ಇದ್ದರೆ ಒಂದೇ ಅಡುಗೆಮನೆಯಲ್ಲಿ ಎರಡು ಒಲೆ.

ಒಳಗೇ ಇರುವ ಗ್ರಾಫಿಕ್ಸ್ ಅಂದರೆ ಮೂಗು ಮುರಿಯುವ ಕಾಲ ಹೋಯಿತು. ಇಂಟೆಲ್‌ನ 11ನೇ ತಲೆಮಾರಿನಿಂದ ಬಂದ ಐರಿಸ್ ಎಕ್ಸ್‌ಇ, ಎನ್‌ವಿಡಿಯಾದ ಎಂಎಕ್ಸ್350ರಂಥ ಸಣ್ಣ ಕಾರ್ಡಿಗೆ ಸರಿಸಾಟಿಯಾಗಿ ನಿಂತಿತು. ಆದರೆ ಅದಕ್ಕೊಂದು ಷರತ್ತಿದೆ, ಅಂಗಡಿಯಲ್ಲಿ ಇದನ್ನು ಹೇಳುವವರು ಕಡಿಮೆ. ಈ ಒಳಗಿನ ಗ್ರಾಫಿಕ್ಸ್ ಬಳಸುವುದು ರ‍್ಯಾಮನ್ನೇ. ರ‍್ಯಾಮ್ ಒಂದೇ ಕಡ್ಡಿ ಇದ್ದರೆ ದಾರಿ ಅರ್ಧ ಆಗಿ, ಅದೇ ಚಿಪ್ಪು ತನ್ನನ್ನು ಐರಿಸ್ ಎಂದು ಕರೆದುಕೊಳ್ಳದೆ ಬರೀ ಯುಎಚ್‌ಡಿ ಎಂದು ತೋರಿಸುತ್ತದೆ. ಹಾಗಾಗಿ 8 ಜಿಬಿಯ ಇನ್ನೊಂದು ಕಡ್ಡಿ ಹಾಕಿಸುವುದು ರ‍್ಯಾಮಿಗೂ ಆಯಿತು, ಗ್ರಾಫಿಕ್ಸಿಗೂ ಆಯಿತು.

ಇನ್ನು ಹೆಸರುಗಳ ಕಣ್ಣುಕಟ್ಟು. ರೈಜನ್ 5 7520ಯು ಪ್ರೊಸೆಸರ್ ಎಂದರೆ 5600ಯುಗಿಂತ ಹೊಸದು, ಬಲಶಾಲಿ ಅಂತ ಯಾರಿಗಾದರೂ ಅನ್ನಿಸುತ್ತದೆ. 2022ರ ಆ 7520ಯು ಒಳಗಿರುವುದು 2019ರ ಜೆನ್ 2 ವಿನ್ಯಾಸದ ನಾಲ್ಕು ಕೋರು. ಹಳೆಯ 5600ಯುನಲ್ಲಿ ಅದಕ್ಕಿಂತ ಮುಂದಿನ ಜೆನ್ 3, ಆರು ಕೋರು.

ಆಯುಷ್ಯವನ್ನು ಕತ್ತರಿಸುವ ಇನ್ನೊಂದು ಕೈ ಇದೆ, ಅದಕ್ಕೂ ಶಕ್ತಿಗೂ ಸಂಬಂಧವಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಆಸರೆ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ 8ನೇ ತಲೆಮಾರು ಅಥವಾ ಆಮೇಲಿನದು ಇರಬೇಕು. ಬೆರಳೆಣಿಕೆಯ ಅಪವಾದ ಬಿಟ್ಟರೆ 7ನೇ ತಲೆಮಾರಿನ ಐ7 ಹೊರಗೆ, 8ನೇ ತಲೆಮಾರಿನ ಐ3 ಒಳಗೆ. ಅಂದು ಐ7ಗೆ ಸಾಲ ಮಾಡಿದವನ ಸಂಕಟ ಊಹಿಸಿ. ಲಿನಕ್ಸ್ ಹಾಕಿಕೊಳ್ಳಬಹುದು, ನಾನು ಹಾಕಿಕೊಂಡಿದ್ದೇನೆ. ಆದರೆ ವಿಂಡೋಸಿನಲ್ಲೇ ನಡೆಯುವ ಟ್ಯಾಲಿ ಬೇಕೆನ್ನುವ ಎಂ.ಕಾಂ. ಹುಡುಗಿಗೆ ಹಾಗೆ ಹೇಳಿ ಕೈ ತೊಳೆದುಕೊಳ್ಳಲಾರೆ.

ಹಾಗಂತ ಗ್ರಾಫಿಕ್ಸ್ ಕಾರ್ಡು ಯಾರಿಗೂ ಬೇಡವೇ? ಬೇಕು. ಬ್ಲೆಂಡರ್ ತಂತ್ರಾಂಶದಲ್ಲಿ 3ಡಿ ಕೆಲಸ ಮಾಡುವವರಿಗೆ, ದಿನವಿಡೀ ವಿಡಿಯೊ ಕತ್ತರಿಸುವವರಿಗೆ, ದೊಡ್ಡ ಆಟ ಆಡುವವರಿಗೆ ಅದಿಲ್ಲದೆ ಆಗದು. ಆಟ ಆಡುವುದೂ ನ್ಯಾಯವಾದ ಕಾರಣವೇ, ಅದನ್ನು 'ಓದಿಗೆ' ಅಂತ ಹೇಳಿ ಅಪ್ಪನ ಹತ್ತಿರ ದುಡ್ಡು ಕೇಳದಿದ್ದರೆ ಸಾಕು. ಅಂಥವರು ದಪ್ಪ ಮೈಯ, ಎರಡು ಫ್ಯಾನಿನ ಯಂತ್ರ ಕೊಳ್ಳಲಿ, ಇಟ್ಟಿಗೆ ತೂಕದ ಚಾರ್ಜರನ್ನೂ ಹೊರಲಿ.

ನಮ್ಮ ಹುಡುಗಿ ಹೊರುವುದು ರೈಲಿನಲ್ಲಿ. ಬೆಳಗಿನ ಗಾಡಿ ಮಾರಿಕುಪ್ಪಂನಲ್ಲಿ ಹೊರಟು ಬಂಗಾರಪೇಟೆಗೆ ಬರುವಾಗಲೇ ತುಂಬಿರುತ್ತದೆ. ಚಾರ್ಜಿಂಗ್ ಪಾಯಿಂಟ್ ನಂಬಿ ಹತ್ತುವಂತಿಲ್ಲ. ಸೀಟು ಸಿಕ್ಕ ದಿನ ಲ್ಯಾಪ್‌ಟಾಪ್ ಇರುವುದು ಮೇಜಿನ ಮೇಲಲ್ಲ, ತೊಡೆಯ ಮೇಲೆ. 45 ವ್ಯಾಟ್ ಚಿಪ್ಪಿನ ಲೆಕ್ಕ ಅಲ್ಲಿ ಚರ್ಮಕ್ಕೇ ಗೊತ್ತಾಗುತ್ತದೆ.

ಭಾನುವಾರ ಅಂಗಡಿಗೆ ಒಟ್ಟಿಗೆ ಹೋದೆವು. ಅಂಗಡಿಯವನು ಮೊದಲ ಚೀಟಿಯ ಕಡೆಗೇ ಎಳೆಯುತ್ತಿದ್ದ, ಕೀಬೋರ್ಡಿನ ಕೆಂಪು ದೀಪ ಹಚ್ಚಿ ತೋರಿಸಿದ. ಅವಳು ಎರಡನೆಯದನ್ನು ಎತ್ತಿ ಬೋರಲು ಹಾಕಿ, ಗಾಳಿ ಕಿಂಡಿ ಎಲ್ಲಿದೆ ಅಂತ ಬೆರಳಾಡಿಸಿ, "ಅಣ್ಣ, ರ‍್ಯಾಮ್ ಎರಡು ಕಡ್ಡೀನಾ, ಬೆಸುಗೇನಾ? ಬ್ಯಾಟರಿ ಬಿಚ್ಚೋಕಾಗುತ್ತಾ?" ಅಂತ ಕೇಳಿದಳು. ಅವನು ಕೆಂಪು ದೀಪ ಆರಿಸಿ, ಒಳಗೆ ಊಟಕ್ಕೆ ಕೂತಿದ್ದ ರಿಪೇರಿಯವನನ್ನು ಕೂಗಿ ಕರೆದ.