ಕತ್ತಿನ ನೋವೂ ಯಂತ್ರದ ಮೋಹವೂ

ಸನ್ನೆಕೋಲಿಗೆ ನಿದರ್ಶನವಾಗಿ ನಾವು ತರಗತಿಯಲ್ಲಿ ಇಕ್ಕುಳ, ಅಡಕತ್ತರಿಗಳನ್ನು ಹೆಸರಿಸುತ್ತೇವೆ; ನಮ್ಮ ಹೆಗಲ ಮೇಲಿರುವುದನ್ನೇ ಮರೆಯುತ್ತೇವೆ. ತಲೆಯ ತೂಕ ಸುಮಾರು 5 ಕಿಲೋಗ್ರಾಂ. ಅದನ್ನು ಹೊತ್ತಿರುವುದು ಏಳು ಸಣ್ಣ ಮೂಳೆಗಳ ಕಂಬ. ತಲೆ ಮುಂದಕ್ಕೆ ಬಾಗಿತೆಂದರೆ, ಹಿಂಬದಿಯ ಸ್ನಾಯುಗಳು ಅದರ ತೂಕಕ್ಕಿಂತ ಹೆಚ್ಚಿನ ಬಲದಿಂದ ಎಳೆದು ಹಿಡಿಯಬೇಕಾಗುತ್ತದೆ. 60 ಡಿಗ್ರಿ ಬಾಗಿದಾಗ ಕತ್ತಿನ ಮೇಲಿನ ಭಾರ 27 ಕಿಲೋಗ್ರಾಂ ಆಗುವುದೆಂದು 2014ರಲ್ಲಿ ಅಮೆರಿಕದ ವೈದ್ಯರೊಬ್ಬರು ಲೆಕ್ಕ ಹಾಕಿದರು. (ಇದು ಗಣಿತದ ಅಂದಾಜು; ಬದುಕಿರುವ ಕತ್ತಿನಲ್ಲಿ ಅಳೆದುದಲ್ಲವೆಂಬುದನ್ನು ವಾಚಕರು ಗಮನದಲ್ಲಿಡಬೇಕು.)

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಕಂಪ್ಯೂಟರಿನ ಮುಂದೆಯೂ ಪೀಣ್ಯದಲ್ಲಿ ಲೇತಿನ ಮುಂದೆಯೂ ದಿನವಿಡೀ ತಲೆ ಬಾಗಿಸಿರುವವರಿಗೆ ಈ ನೋವು ಅಪರಿಚಿತವಲ್ಲ. ಕೆಲವರಲ್ಲಿ ಮೂಳೆಗಳ ನಡುವಣ ಮೆತ್ತೆ ಉಬ್ಬಿ, ಇಲ್ಲವೆ ಮೂಳೆಯೇ ಬೆಳೆದು, ನರದ ಬುಡವನ್ನು ಒತ್ತುವುದುಂಟು. ಆಗ ನೋವು ತೋಳಿಗಿಳಿಯುತ್ತದೆ. ಕತ್ತಿನ ಆರನೆಯ ನರವಾದರೆ ಹೆಬ್ಬೆರಳು, ಏಳನೆಯದಾದರೆ ನಡುಬೆರಳು ಜೋಮು ಹಿಡಿಯುವುದು ಸಾಮಾನ್ಯ.

ಹತ್ತು ದಿನ ಬಂದು ಯಂತ್ರದ ಬಳಿ ಮಲಗಿ ಹೋಗುವ ಚಿಕಿತ್ಸೆ ನಮ್ಮಲ್ಲಿ ಜನಪ್ರಿಯ: ಶಾಖ, ಶ್ರವಣಾತೀತ ತರಂಗ, ಕತ್ತನ್ನು ಎಳೆಯುವ ಟ್ರ್ಯಾಕ್ಷನ್. ಶಾಖದಿಂದ ಹಾಯೆನಿಸುವುದು ನಿಜ. ಎಳೆತವೂ ಕೆಲವರಿಗೆ ಉಪಕರಿಸೀತು. ಆದರೆ ಶ್ರವಣಾತೀತ ತರಂಗದಿಂದ ಕತ್ತಿನ ನೋವು ವಾಸಿಯಾಗುವುದೆಂಬುದಕ್ಕೆ ಆಧಾರ ಬಲು ದುರ್ಬಲ. ಪಾಳಿಯ ಕೂಲಿ ಬಿಟ್ಟು ಬರುವ ಕಾರ್ಮಿಕನಿಗೆ ಆ ಹತ್ತು ದಿನಗಳು ಅಗ್ಗವೇನಲ್ಲ.

ನೆದರ್ಲೆಂಡಿನ ವೈದ್ಯರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ನರದ ನೋವು ಹೊಸದಾಗಿ ತಲೆದೋರಿದ 205 ಮಂದಿಯಲ್ಲಿ ಕೆಲವರಿಗೆ ಕತ್ತುಪಟ್ಟಿಯನ್ನೂ ವಿಶ್ರಾಂತಿಯನ್ನೂ ವಿಧಿಸಿದರು; ಕೆಲವರಿಗೆ ವ್ಯಾಯಾಮ ಕಲಿಸಿದರು; ಉಳಿದವರು ಎಂದಿನ ದಿನಚರಿಯಲ್ಲೇ ಇದ್ದರು. ಮೊದಲ ಆರು ವಾರಗಳಲ್ಲಿ ಮೊದಲೆರಡು ಗುಂಪುಗಳಿಗೆ ನೋವು ಬೇಗ ತಗ್ಗಿತು. ಆರು ತಿಂಗಳು ಕಳೆಯುವಷ್ಟರಲ್ಲಿ ಮೂರು ಗುಂಪುಗಳೂ ಹೆಚ್ಚುಕಡಮೆ ಒಂದೇ ಸ್ಥಿತಿಗೆ ಬಂದಿದ್ದವು.

ಹೀಗಿರುವಾಗ, ಕತ್ತಿನ ಒಳಸ್ನಾಯುಗಳನ್ನೂ ಹೆಗಲಿನ ಸ್ನಾಯುಗಳನ್ನೂ ಬಲಪಡಿಸುವ ನಾಲ್ಕು ವ್ಯಾಯಾಮಗಳನ್ನು ಒಂದೆರಡು ಭೇಟಿಯಲ್ಲಿ ಚೆನ್ನಾಗಿ ಕಲಿಸಿ ಮನೆಗೆ ಕಳಿಸುವ ಫಿಸಿಯೊಥೆರಪಿಸ್ಟರೇ ರೋಗಿಗೆ ಹೆಚ್ಚು ಉಪಕಾರಿಗಳೆಂದು ನಮ್ಮ ಅಭಿಪ್ರಾಯ. ಕಾರ್ಖಾನೆಯೂ ಕಚೇರಿಯೂ ಗಂಟೆಗೊಮ್ಮೆ ಎದ್ದು ಕತ್ತಾಡಿಸಲು ಐದು ನಿಮಿಷ ಬಿಡುವು ಕೊಡಲಿ. ಕೆಲಸದ ಮೇಜನ್ನು ಆಳಿನ ಎತ್ತರಕ್ಕೆ ಹೊಂದಿಸಲಿ. ಇದಕ್ಕೆ ತಗಲುವ ಖರ್ಚು ಅಲ್ಪ.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಕೈಯಲ್ಲಿ ಹಿಡಿದ ವಸ್ತು ಜಾರತೊಡಗಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ಒತ್ತಡ ಬೆನ್ನುಹುರಿಗೇ ತಗಲಿರಬಹುದು. ಅಂಥವರು ವ್ಯಾಯಾಮವನ್ನೂ ಯಂತ್ರವನ್ನೂ ಬದಿಗಿಟ್ಟು ಅದೇ ದಿನ ವೈದ್ಯರನ್ನು ಕಾಣತಕ್ಕದ್ದು.