ಬಾರಿಸಿ ನೋಡದ ಗಡಿಗೆ

ಕುಂಬಾರಿಕೆಗೆ ಹೆಸರಾದ ನಮ್ಮ ಖಾನಾಪುರದಲ್ಲಿ ಗಡಿಗೆಯನ್ನು ಬಾರಿಸಿ ನೋಡದೆ ಯಾರೂ ಕೊಳ್ಳರು. ಆದರೆ ಗಣಕಯಂತ್ರಕ್ಕೆ ಕಾವಲಿನ ತಂತ್ರಾಂಶವನ್ನು ಕೊಂಡ ಮೇಲೆ, ಅದು ಎಚ್ಚರವಾಗಿದೆಯೇ ಎಂದು ಪರೀಕ್ಷಿಸುವವರು ವಿರಳ. ಇದು ತಪ್ಪೆಂದು ನಾವು ಭಾವಿಸುತ್ತೇವೆ.

ಗಣಕದೊಳಕ್ಕೆ ನುಸುಳಿದವನು ಅನೇಕ ವೇಳೆ ಮೊದಲು ಅಲ್ಲಿ ನಡೆಯುತ್ತಿರುವ ಪ್ರೋಗ್ರಾಮುಗಳ ಪಟ್ಟಿಯನ್ನು ತೆಗೆಯುತ್ತಾನೆ. ಕಾವಲು ಯಾವುದು, ದೋಚತಕ್ಕದ್ದು ಯಾವುದು ಎಂಬುದು ಅದರಿಂದ ತಿಳಿಯುತ್ತದೆ. 2019ರಲ್ಲಿ ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಆಡಳಿತದ ಗಣಕವೊಂದರಲ್ಲಿ ದುಷ್ಟ ತಂತ್ರಾಂಶವು ಸಿಕ್ಕಿತು. ಸ್ಥಾವರವನ್ನು ನಡೆಸುವ ಜಾಲವು ಬೇರೆಯಾಗಿತ್ತು. ತಜ್ಞರು ‘ಡಿಟ್ರ್ಯಾಕ್’ ಎಂದು ಗುರುತಿಸಿದ ಆ ತಂತ್ರಾಂಶದ ಕೆಲಸಗಳಲ್ಲಿ ಇಂತಹ ಪಟ್ಟಿಯನ್ನು ಸಂಗ್ರಹಿಸುವುದೂ ಒಂದು.

ವಿಂಡೋಸಿನ ‘ಟಾಸ್ಕ್‌ಲಿಸ್ಟ್’, ಲಿನಕ್ಸಿನ ‘ಪಿಎಸ್’ ಆಜ್ಞೆಗಳನ್ನು ಗಣಕದ ಮೇಲ್ವಿಚಾರಕರೂ ನಿತ್ಯ ಬಳಸುವುದರಿಂದ ಅವನ್ನು ನಿಷೇಧಿಸಲಾಗದು. ಆದ್ದರಿಂದ ಪರೀಕ್ಷೆಯೊಂದೇ ದಾರಿ. ಒಡೆಯರ ಅನುಮತಿ ಪಡೆದು, ಆ ಪಟ್ಟಿಯ ಅಗತ್ಯವೇ ಇಲ್ಲದ ಖಾತೆಯೊಂದರಿಂದ ನಾವೇ ಆಜ್ಞೆಯನ್ನು ಕೊಡಬೇಕು; ವೇಳೆಯನ್ನು ಬರೆದಿಡಬೇಕು; ಬಳಿಕ ಕಾವಲಿನ ದಿನಚರಿಯನ್ನು ತೆರೆದು ನೋಡಬೇಕು. ಅದರಲ್ಲಿ ನಮ್ಮ ಸುಳಿವಿಲ್ಲದಿದ್ದರೆ ಕಳ್ಳನ ಸುಳಿವೂ ಇರಲಾರದು.

ಇದು ಕಳವನ್ನು ಕಲಿಸಿದಂತಲ್ಲವೇ ಎಂದು ಕೆಲವರು ಕೇಳಬಹುದು. ಕಳ್ಳನಿಗೆ ಈ ಪಾಠ ಹಳೆಯದು, ಕಲಿಯಬೇಕಾದವರು ನಾವು. ಬಿರುಕು ಬಾರಿಸಿದಾಗ ತಿಳಿದರೆ ಲೇಸು, ನೀರೆಲ್ಲ ಸೋರಿದ ಮೇಲಲ್ಲ.